ಎರಡು ರೂಪಾಯಿಯ ಉಪ್ಪಿಟ್ಟು

ಬೆಳಗಿನ 6 ಗಂಟೆ ವಿಮಾನ ಅಂದ್ರೆ ಮೈಸೂರಿನವರು ಹಿಂದಿನ ದಿನವೇ ಹೊರಡಬೇಕು. ಸಂಜೆ ಬೆಂಗಳೂರು ಏರ್‌ಪೋರ್ಟಿಗೆ ಹೋಗುವ ಫ್ಲೈಬಸ್ ಹತ್ತಿ, ರಾತ್ರಿ ದೇವನಹಳ್ಳಿ ಹತ್ತಿರ ಒಂದು ಹೋಟೆಲ್‌ನಲ್ಲಿ ರೂಮು ಮಾಡಿದೆ. ಮಲಗಿದ್ದು ಮೂರು ಗಂಟೆ ಅಷ್ಟೇ. ಆದರೂ ಕೊಟ್ಟ ದುಡ್ಡು ವಸೂಲಾಗಬೇಕಲ್ವಾ! ಎರಡು ಸಲ ಬಿಸಿನೀರಿನ ಸ್ನಾನ, ಎರಡು ಲೋಟ ಟೀ, ಮೊಬೈಲು, ಪವರ್ ಬ್ಯಾಂಕ್ ಎಲ್ಲ ಫುಲ್ ಚಾರ್ಜ್. ಪುಟ್ಟ ಸೋಪು ಬ್ಯಾಗ್ ಸೇರಿತು (ಅದು ನಮ್ಮ ಮನೆಯ ಪದ್ಧತಿ).

3:30ಕ್ಕೆ ಟರ್ಮಿನಲ್ 2. ಸೆಕ್ಯುರಿಟಿ ಮುಗಿಸಿ ಸೀದಾ ಲೌಂಜ್, ಅಂದ್ರೆ ಕಾರ್ಡ್ ತೋರಿಸಿ ಒಳಗೆ ಕೂತು ತಿಂಡಿ, ಕಾಫಿ ತಗೊಳ್ಳುವ ಜಾಗ. ರೂಪೇ ಕಾರ್ಡ್ ಉಜ್ಜಿದರು, 2 ರೂಪಾಯಿ ಕಟ್ ಆಯಿತು. ಈ ಸೌಲಭ್ಯ ಎಲ್ಲ ಕಾರ್ಡಿಗೂ ಸಿಗುವುದಿಲ್ಲ, ಈಗೀಗ ಕೆಲವು ಬ್ಯಾಂಕುಗಳು ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಅಂತ ಷರತ್ತು ಬೇರೆ ಹಾಕಿವೆ, ಹೊರಡುವ ಮುಂಚೆ ನೋಡಿಕೊಳ್ಳಿ. ನನ್ನ ಮುಂದಿದ್ದವರ ಕಾರ್ಡು ಎರಡು ಸಲ ಉಜ್ಜಿದರೂ ಆಗಲಿಲ್ಲ, ಪಾಪ.

ಒಳಗೆ ಇಡ್ಲಿ, ಉಪ್ಪಿಟ್ಟು, ಫಿಲ್ಟರ್ ಕಾಫಿ. ಆ ಹೊತ್ತಲ್ಲಿ ಹಸಿವು ಎಲ್ಲಿಂದ ಬರಬೇಕು? ಆದರೂ ಹೊರಗಿನ ಕಾಫಿ ರೇಟು ನೆನಪಾಗಿ ಎರಡು ಸಲ ತಟ್ಟೆ ತುಂಬಿಸಿಕೊಂಡೆ. ಮದುವೆಮನೆಯಲ್ಲಿ ಅಮ್ಮ "ಮುಯ್ಯಿ ಹಾಕಿದ್ದೀವಿ, ಸರಿಯಾಗಿ ಊಟ ಮಾಡು" ಅಂತ ಪಕ್ಕದಲ್ಲಿ ಕೂತು ಪಿಸುಗುಡುತ್ತಿದ್ದಳು, ನನಗೆ ಆಗ ನಾಚಿಕೆಯಾಗಿ ಸಾಯುವ ಹಾಗಾಗುತ್ತಿತ್ತು. ಈಗ ನೋಡಿದರೆ ನಾನು ಅವಳಿಗಿಂತ ಒಂದು ಕೈ ಜಾಸ್ತಿ.

ಸದ್ಯ ಬಿದಿರಿನ ಚಾವಣಿ ನೋಡುತ್ತಾ ಮೂರನೇ ಕಾಫಿ. ಗೇಟ್ ತೆರೆದರಂತೆ, ಬರ್ತೀನಿ.