ಮೊದಲು ಕಾದಂಬರಿ ಓದ್ಬೇಕಾ, ಸಿನಿಮಾ ನೋಡ್ಬೇಕಾ?

ನಾನು ಕಾದಂಬರಿ ಓದ್ತೀನಿ, ಹಳೇ ಕನ್ನಡ ಸಿನಿಮಾನೂ ಬಿಡದೆ ನೋಡ್ತೀನಿ ಅಂತ ಗೊತ್ತಿರೋರೆಲ್ಲ ಕೇಳೋದು ಇದನ್ನೇ, ಮೊದಲು ಪುಸ್ತಕ ಓದ್ಲಾ ಇಲ್ಲಾ ಸೀದಾ ಸಿನಿಮಾ ನೋಡ್ಬಿಡ್ಲಾ, ಎರಡ್ರಲ್ಲಿ ಯಾವುದು ಚೆನ್ನಾಗಿದೆ ಅಂತ. ಮೊದಲು ಓದಿ ಅಂತೀನಿ ನಾನು. ಪುಸ್ತಕನೇ ಯಾವಾಗ್ಲೂ ಮೇಲು ಅಂತಲ್ಲ, ಆ ಮಾತನ್ನ ನಾನು ಒಪ್ಪೋದೇ ಇಲ್ಲ. ಸಿನಿಮಾ ಮೊದಲು ನೋಡಿದ್ರೆ ಪಾತ್ರಕ್ಕೆ ಒಂದು ಮುಖ ಅಂಟ್ಕೊಂಡ್ಬಿಡುತ್ತೆ, ಅಷ್ಟೇ ಕಾರಣ. ಈಗ ಯಾರಾದ್ರೂ ತರಾಸು ಅವ್ರ ನಾಗರಹಾವು ಕೈಗೆತ್ತಿಕೊಂಡ್ರೆ ರಾಮಾಚಾರಿ ಅಂದ ಕೂಡ್ಲೇ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರು ಅಂದ್ರೆ ಅಶ್ವಥ್, ಬೇರೆ ಮುಖ ತಂದ್ಕೊಳ್ಳೋಕೆ ಸಾಧ್ಯಾನೇ ಇಲ್ಲ.

ಸಂಸ್ಕಾರ ತಗೊಳ್ಳಿ. ಅನಂತಮೂರ್ತಿ ಅವ್ರ ಕಾದಂಬರಿ ಬಂದಿದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿ ಅವ್ರ ಸಿನಿಮಾ 1970ರದ್ದು. ಚಿತ್ರಕಥೆ ಗಿರೀಶ್ ಕಾರ್ನಾಡ್ ಅವ್ರದ್ದು, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಪಾತ್ರನೂ ಅವ್ರೇ ಮಾಡಿದಾರೆ, ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನಾಗಿ ಲಂಕೇಶ್, ಅವನ ಜೊತೆ ಬಾಳ್ತಿದ್ದ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಮೊದಲು ಸೆನ್ಸಾರ್‌ನೋರು ತಡೆದಿದ್ದ ಸಿನಿಮಾಗೇ ಆಮೇಲೆ ಸ್ವರ್ಣ ಕಮಲ, ಅಂದ್ರೆ ದೇಶದ ಅತ್ಯುತ್ತಮ ಚಿತ್ರ ಅನ್ನೋ ರಾಷ್ಟ್ರಪ್ರಶಸ್ತಿ ಬಂತು. ಒಳ್ಳೇ ಸಿನಿಮಾ, ಅದ್ರಲ್ಲಿ ನನಗೆ ಅನುಮಾನ ಇಲ್ಲ. ನಾರಣಪ್ಪನ ಹೆಣ ಮನೇಲಿ ಬಿದ್ದಿದೆ, ಸಂಸ್ಕಾರ ಯಾರು ಮಾಡ್ಬೇಕು ಅಂತ ತೀರ್ಮಾನ ಆಗ್ತಿಲ್ಲ, ಅಗ್ರಹಾರದೋರೆಲ್ಲ ಊಟ ಇಲ್ದೆ ಕೂತಿದಾರೆ, ಆ ಕಪ್ಪು ಬಿಳುಪಿನ ಬೀದಿಗಳನ್ನ ನೋಡ್ತಿದ್ರೆ ನಮಗೇ ಉಸಿರು ಕಟ್ಟುತ್ತೆ, ಇಲ್ಲೀವರೆಗೂ ಸಿನಿಮಾ ಪುಸ್ತಕಕ್ಕೆ ಸರಿಸಮ.

ವ್ಯತ್ಯಾಸ ಶುರುವಾಗೋದು ಆಚಾರ್ಯರು ಕಾಡಲ್ಲಿ ಚಂದ್ರಿ ಜೊತೆ ಇದ್ದ ರಾತ್ರಿ ಆದ್ಮೇಲೆ. ಆಮೇಲಿನ ಪುಸ್ತಕ ಹೆಚ್ಚುಕಮ್ಮಿ ಅವ್ರ ತಲೆಯೊಳಗೇ ನಡಿಯುತ್ತೆ. ನಾನಾಗಿ ಆರಿಸ್ಕೊಂಡು ಮಾಡಿದ್ನಾ ಇಲ್ಲಾ ಕತ್ತಲಲ್ಲಿ ತಾನಾಗಿ ಆಗಿಹೋಯ್ತಾ, ತಾನಾಗಿ ಆಗಿದ್ರೆ ಜವಾಬ್ದಾರಿ ಯಾರ್ದು, ಈಗ ಊರಿಗೆ ಹೋಗಿ ಹೇಳ್ಲಾ ಬೇಡ್ವಾ, ಹಿಂಗೆ ವಾದ ಮೇಲೆ ವಾದ. ಪಕ್ಕದಲ್ಲಿ, ದಾರೀಲಿ ಜೊತೆಯಾದ ಪುಟ್ಟ ಒಂದೇ ಸಮ ಮಾತಾಡ್ತಾನೇ ಇದಾನೆ, ಮೇಳಿಗೆ ಜಾತ್ರೇಲಿ ಕೋಳಿ ಅಂಕ, ಆಮೇಲೆ ದೇವಸ್ಥಾನದ ಪಂಕ್ತೀಲಿ ಊಟ. ಸೂತಕ ಇಟ್ಕೊಂಡು ಎಲೆ ಮುಂದೆ ಕೂತಿರೋ ಮನುಷ್ಯನಿಗೆ ಯಾರಾದ್ರೂ ಗುರುತು ಹಿಡೀತಾರಾ ಅನ್ನೋ ಭಯ. ಓದೋವಾಗ ನಾವು ಆ ಭಯದೊಳಗಡೆ ಇರ್ತೀವಿ, ಸಿನಿಮಾದಲ್ಲಿ ಅದನ್ನ ಎದುರಿಗೆ ಕೂತು ನೋಡ್ತೀವಿ. ಕಾರ್ನಾಡ್ ಮುಖದಲ್ಲಿ ಭಯ ಕಾಣುತ್ತೆ, ಸಂಕಟನೂ ಕಾಣುತ್ತೆ, ಆದ್ರೆ ವಾದ ಕಾಣಲ್ಲ, ಅದು ಎಷ್ಟೇ ಒಳ್ಳೇ ನಟನ ಮುಖದಲ್ಲೂ ಕಾಣೋ ವಸ್ತು ಅಲ್ಲ. ಸಂಸ್ಕಾರನ ಬರೀ ನೋಡಿ ಬಿಟ್ಟೋರು ಅರ್ಧ ಸಂಸ್ಕಾರ ಕಳ್ಕೊಂಡಿರ್ತಾರೆ ಅಂತ ನಾನು ಹೇಳೋದು ಇದಕ್ಕೇ.

ಚೋಮನ ದುಡಿ ವಿಷಯದಲ್ಲಿ ಪೂರ್ತಿ ಉಲ್ಟಾ. ಶಿವರಾಮ ಕಾರಂತರ ಕಾದಂಬರಿ ಬಂದಿದ್ದು 1933ರಲ್ಲಿ, ಬಿ.ವಿ. ಕಾರಂತರ ಸಿನಿಮಾ ಬಂದಿದ್ದು 1975ರಲ್ಲಿ, ಇದಕ್ಕೂ ಸ್ವರ್ಣ ಕಮಲ, ಚೋಮನ ಪಾತ್ರಕ್ಕೆ ಎಂ.ವಿ. ವಾಸುದೇವರಾವ್ ಅವ್ರಿಗೆ ರಾಷ್ಟ್ರಪ್ರಶಸ್ತಿ. ಚೋಮನ ಹತ್ರ ಎತ್ತುಗಳಿವೆ, ಉಳೋಕೆ ಭೂಮಿ ಇಲ್ಲ, ಅವನ ಜಾತಿಯೋರಿಗೆ ಬೇಸಾಯ ಮಾಡೋಕೆ ಬಿಡಲ್ಲ. ಮಕ್ಕಳು ಒಬ್ಬೊಬ್ರಾಗಿ ಕೈಬಿಟ್ಟು ಹೋಗ್ತಾರೆ, ನೀರಲ್ಲಿ ಮುಳುಗ್ತಿರೋ ಮಗನನ್ನ ಮುಟ್ಟಿ ಮೇಲಕ್ಕೆತ್ತೋರು ಒಬ್ಬರೂ ಇಲ್ಲ. ದುಃಖ ಬಂದಾಗೆಲ್ಲ ಚೋಮ ದುಡಿ, ಅಂದ್ರೆ ಅವನ ಚರ್ಮವಾದ್ಯ, ಬಾರಿಸ್ತಾನೆ. ಪುಸ್ತಕದಲ್ಲಿ ಕಾರಂತರು ದುಡಿ ಬಾರಿಸ್ದ ಅಂತ ಬರೀತಾರೆ, ನಾವು ಓದಿ ಮುಂದಕ್ಕೆ ಹೋಗ್ತೀವಿ, ದುಡಿ ಹೆಂಗೆ ಕೇಳುತ್ತೆ ಅಂತ ಗೊತ್ತಿಲ್ಲದ ಬಯಲುಸೀಮೆಯೋರಿಗಂತೂ ಅದು ಬರೀ ಮಾತಾಗೇ ಉಳಿಯುತ್ತೆ. ಸಿನಿಮಾದಲ್ಲಿ ಆ ಸದ್ದು ಕಿವಿಗೆ ಬೀಳುತ್ತೆ. ಮಾತು ಕಮ್ಮಿ ಇರೋ ಮನುಷ್ಯ, ಹೇಳ್ಬೇಕಾದ್ದನ್ನೆಲ್ಲ ಕೈಯಲ್ಲೇ ಹೇಳ್ತಾನೆ, ಕೊನೇಲಿ ನೇಗಿಲು ಮುರಿದು ಎತ್ತುಗಳನ್ನ ಬಿಟ್ಟುಕಳಿಸಿ ಅವನು ಬಾರಿಸೋಕೆ ಕೂತಾಗ ನನಗಂತೂ ಪುಸ್ತಕದ ಕೊನೇ ಪುಟಕ್ಕಿಂತ ಸಿನಿಮಾನೇ ಜಾಸ್ತಿ ತಟ್ಟಿದ್ದು. ಇದನ್ನ ಹೇಳಿದ್ರೆ ಕಾರಂತರ ಅಭಿಮಾನಿಗಳು ಜಗಳಕ್ಕೆ ಬರ್ತಾರೆ, ಬರ್ಲಿ.

ಅದಕ್ಕೇ ಎಷ್ಟು ಸೀನ್ ಕಟ್ ಮಾಡಿದಾರೆ, ಯಾವ ಪಾತ್ರ ಬಿಟ್ಟಿದಾರೆ ಅಂತ ಪಟ್ಟಿ ಹಿಡ್ಕೊಂಡು ಸಿನಿಮಾ ನೋಡ್ಬೇಡಿ ಅಂತೀನಿ. ಆ ಪುಸ್ತಕದ ಜೀವ ಎಲ್ಲಿದೆ, ಯೋಚನೇಲಾ, ಸದ್ದಲ್ಲಾ, ಜಾಗದಲ್ಲಾ, ಅದು ಪರದೆ ಮೇಲೆ ಬಂತಾ ಅಂತ ನೋಡಿ. ಕುವೆಂಪು ಅವ್ರ ಕಾನೂರು ಹೆಗ್ಗಡಿತಿ 1936ರ ಕಾದಂಬರಿ, ಕಾರ್ನಾಡ್ 1999ರಲ್ಲಿ ಸಿನಿಮಾ ಮಾಡಿದ್ರು. ಕಥೆ ಬಂದಿದೆ, ಆದ್ರೆ ಆ ಪುಸ್ತಕದ ಜೀವ ಕಥೇಲಿಲ್ಲ, ಕಾಡಲ್ಲಿದೆ, ಮಳೇಲಿದೆ, ಎರಡು ನಿಮಿಷ ಬಂದು ಹೋಗೋ ಆಳುಕಾಳುಗಳಲ್ಲಿದೆ, ಅಷ್ಟು ದಪ್ಪ ಪುಸ್ತಕದ ನಿಧಾನ ಒಂದು ಸಿನಿಮಾ ಅವಧೀಲಿ ಹಿಡಿಯೋದು ಕಷ್ಟ.

ನಾಗರಹಾವು ಕಥೆ ಬೇರೆ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ತರಾಸು ಅವ್ರ ಮೂರು ಕಾದಂಬರಿ ಸೇರಿಸಿ, ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ, 1972ರಲ್ಲಿ ಒಂದು ಸಿನಿಮಾ ಮಾಡಿದ್ರು. ತರಾಸು ಅವ್ರಿಗೆ ಹಿಡಿಸ್ಲಿಲ್ಲ, ನಾಗರಹಾವನ್ನ ಕೇರೆಹಾವು ಮಾಡಿದ್ರು ಅಂದಿದ್ರಂತೆ. ಬರೆದೋರ ನೋವು ನನಗೆ ಅರ್ಥ ಆಗುತ್ತೆ, ಆದ್ರೂ ಚಿತ್ರದುರ್ಗದ ಕೋಟೆ, ಓಬವ್ವನಾಗಿ ಜಯಂತಿ, ಮೇಷ್ಟ್ರು ಶಿಷ್ಯರ ಆ ಸಂಬಂಧ, ಇವೆಲ್ಲ ಪುಸ್ತಕದ ಹಂಗಿಲ್ದೆ ನಿಲ್ಲುತ್ತೆ.

ನನ್ನ ಅನುಭವದಲ್ಲಿ ಸಿನಿಮಾಗೆ ಸರಿಯಾದ ಅಳತೆ ಕಾದಂಬರಿ ಅಲ್ಲ, ಸಣ್ಣಕಥೆ. ತೇಜಸ್ವಿ ಅವ್ರ ತಬರನ ಕಥೆನ ಕಾಸರವಳ್ಳಿ 1986ರಲ್ಲಿ ತೆಗೆದ್ರು, ಪೆನ್ಷನ್‌ಗೋಸ್ಕರ ಆಫೀಸಿಂದ ಆಫೀಸಿಗೆ ಅಲೆಯೋ ತಬರ, ಮನೇಲಿ ಕಾಲು ಕೊಳೀತಿರೋ ಹೆಂಡತಿ. ಇಲ್ಲಿ ನಿರ್ದೇಶಕ ಕತ್ತರಿಸೋ ಕೆಲಸಾನೇ ಇಲ್ಲ, ತುಂಬಿಸೋಕೆ ಜಾಗ ಸಿಗುತ್ತೆ. ಮೊನ್ನೆ 2023ರಲ್ಲಿ ಬಂದ ಡೇರ್ ಡೆವಿಲ್ ಮುಸ್ತಫಾನೂ ತೇಜಸ್ವಿ ಅವ್ರ ಕಥೆನೇ. ಇಂಥವನ್ನ ಮೊದಲು ನೋಡಿ ಆಮೇಲೆ ಓದಿದ್ರೂ ಏನೂ ನಷ್ಟ ಇಲ್ಲ.

ಕಾದಂಬರಿ ಆದ್ರೆ ಮಾತ್ರ ಓದಿ, ಸ್ವಲ್ಪ ದಿನ ಬಿಡಿ, ಆಮೇಲೆ ನೋಡಿ, ಓದಿದ ಮಾರನೇ ದಿನಾನೇ ನೋಡಿದ್ರೆ ಬರೀ ಲೆಕ್ಕ ಹಾಕ್ತಾ ಕೂರ್ತೀರ. ಎಲ್ಲಿಂದ ಶುರು ಮಾಡ್ಲಿ ಅಂದ್ರೆ ಚೋಮನ ದುಡಿ, ಪುಸ್ತಕ ಸಣ್ಣದು, ಒಂದು ಭಾನುವಾರಕ್ಕೆ ಮುಗಿಯುತ್ತೆ. ಸಿನಿಮಾ ಮಾತ್ರ ಮೊಬೈಲ್ ಸ್ಪೀಕರಲ್ಲಿ ಕೇಳ್ಬೇಡಿ, ಇಯರ್‌ಫೋನ್ ಹಾಕ್ಕೊಳ್ಳಿ.