ಮಿಲಿಟರಿಯಿಂದ ಬಂದ ಡಾಕ್ಟರು ಊರಿಗೆ ಮೊದಲು ಕಲಿಸಬೇಕಾದ್ದು

ಯುದ್ಧ ಕಂಡು ಬಂದು ಸಣ್ಣ ಊರಿನಲ್ಲಿ ಕ್ಲಿನಿಕ್ ನಡೆಸುವ ಡಾಕ್ಟರು ಸ್ವಯಂಸೇವಕರ ತಂಡ ಕಟ್ಟುತ್ತಾರೆ ಅಂದರೆ, ಬಿಪಿ ನೋಡುವುದು, ಶಿಬಿರ ಮಾಡುವುದು ಆಮೇಲಿರಲಿ. ಮೊದಲು ರಕ್ತ ನಿಲ್ಲಿಸುವುದನ್ನು ಕಲಿಸಲಿ. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ಅಪಧಮನಿ, ಎಂದರೆ ಹೃದಯದಿಂದ ರಕ್ತ ತರುವ ನಾಳ, ಹರಿದರೆ ಆಂಬುಲೆನ್ಸ್ ಬರುವ ಮುಂಚೆಯೇ ಜೀವ ಹೋಗಬಹುದು. ಆ ಹೊತ್ತಿಗೆ ಪಕ್ಕದಲ್ಲಿ ಇರುವವರ ಕೈಗಳೇ ಗತಿ.

ಟೂರ್ನಿಕೆಟ್, ಎಂದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಸುತ್ತಿ ಕಡ್ಡಿ ತಿರುಗಿಸಿ ಬಿಗಿಯುವ ಪಟ್ಟಿ, ಕಟ್ಟಿದರೆ ಕಾಲೇ ಹೋಗುತ್ತದೆ ಎಂಬ ಹೆದರಿಕೆ ವೈದ್ಯರಲ್ಲೇ ಬಹಳ ಕಾಲ ಇತ್ತು. 1996ರಲ್ಲಿ ಅಮೆರಿಕದ ಸೇನಾ ವೈದ್ಯರು ಪ್ರಕಟಿಸಿದ ಯುದ್ಧಭೂಮಿ ಚಿಕಿತ್ಸೆಯ ಮಾರ್ಗಸೂಚಿ ಆ ಹೆದರಿಕೆಗೆ ಎದುರು ನಿಂತಿತು. ಇರಾಕ್, ಅಫ್ಘಾನಿಸ್ತಾನಗಳ ಅನುಭವ ಅದನ್ನು ಗಟ್ಟಿ ಮಾಡಿತು. 2 ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದರೆ ಕೈಕಾಲು ಸಾಮಾನ್ಯವಾಗಿ ಉಳಿಯುತ್ತದೆ.

ಪಟ್ಟಿ ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ, ಎಂದರೆ ಎದೆಯ ಕಡೆಗೆ, ಇರಬೇಕು. ಮೊಣಕಾಲು, ಮೊಣಕೈ ಕೀಲಿಗೇ ಕಟ್ಟಬೇಡಿ. ಜೇಬಿನಲ್ಲಿ ಫೋನು, ಬೀಗದ ಕೈ ಇದ್ದರೆ ತೆಗೆಯಿರಿ. ಮೊದಲು ಪಟ್ಟಿಯನ್ನೇ ಬಿಗಿಯಾಗಿ ಎಳೆಯಬೇಕು. ಇಲ್ಲಿ ಸಡಿಲ ಬಿಟ್ಟರೆ ಆಮೇಲೆ ಕಡ್ಡಿಯನ್ನು ಎಷ್ಟು ತಿರುಗಿಸಿದರೂ ಸಾಲದು. ರಕ್ತ ನಿಲ್ಲುವವರೆಗೆ ಕಡ್ಡಿ ತಿರುಗಿಸಿ, ಕೊಂಡಿಗೆ ಸಿಕ್ಕಿಸಿ, ಕಟ್ಟಿದ ಸಮಯ ಬರೆದಿಡಿ. ಗಾಯಾಳು ನೋವಿಗೆ ಕಿರುಚುತ್ತಾರೆ. ಕರುಳು ಚುರ್ ಅನ್ನುತ್ತದೆ, ಆದರೂ ಸಡಿಲಿಸಬಾರದು. ಅರೆಬರೆ ಬಿಗಿಯೇ ನಿಜವಾದ ಅಪಾಯ: ಅಪಧಮನಿಯಲ್ಲಿ ರಕ್ತ ಬರುತ್ತಲೇ ಇರುತ್ತದೆ, ಅದನ್ನು ವಾಪಸು ಒಯ್ಯುವ ಸಿರೆ ಮಾತ್ರ ಮುಚ್ಚುತ್ತದೆ, ರಕ್ತಸ್ರಾವ ಹೆಚ್ಚುತ್ತದೆ. ಒಂದರಿಂದ ನಿಲ್ಲದಿದ್ದರೆ ಅದರ ಮೇಲ್ಭಾಗದಲ್ಲೇ ಇನ್ನೊಂದು.

ಟೂರ್ನಿಕೆಟ್ ಇಲ್ಲವೆಂದು ತಂತಿ, ಸಣ್ಣ ಹಗ್ಗ ಕಟ್ಟಿದರೆ ಅವು ಚರ್ಮ ಕೊಯ್ಯುತ್ತವೆ. ಸೊಂಟದ ಬೆಲ್ಟನ್ನು ಬೇಕಾದಷ್ಟು ಬಿಗಿಯಲು ಆಗುವುದಿಲ್ಲ. ಬೇರೇನೂ ಸಿಗದಿದ್ದರೆ ಕನಿಷ್ಠ 4 ಸೆಂಟಿಮೀಟರ್ ಅಗಲದ ಗಟ್ಟಿ ಬಟ್ಟೆ, ತಿರುಗಿಸಲು ಮುರಿಯದ ಕೋಲು.

ತೊಡೆಸಂದು, ಕಂಕುಳಲ್ಲಿ ಪಟ್ಟಿ ಕಟ್ಟಲು ಜಾಗವಿಲ್ಲ. ಅಲ್ಲಿ ಗಾಜ್ ಬಟ್ಟೆಯನ್ನು, ಎಂದರೆ ಗಾಯಕ್ಕೆ ಬಳಸುವ ತೆಳು ಹತ್ತಿ ಬಟ್ಟೆಯನ್ನು, ಬೆರಳಿನಿಂದ ಗಾಯದ ಆಳಕ್ಕೆ, ರಕ್ತ ಚಿಮ್ಮುವ ಜಾಗಕ್ಕೇ, ತುರುಕಿ ಎರಡೂ ಕೈಯಿಂದ ಮೈಭಾರ ಹಾಕಿ 10 ನಿಮಿಷ ಒತ್ತಿ. ನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಬರುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಇದೇ. ಎದೆ, ಹೊಟ್ಟೆಯ ಗಾಯಕ್ಕೆ ಮಾತ್ರ ಬಟ್ಟೆ ತುರುಕುವಂತಿಲ್ಲ.

ಆಮೇಲೆ ಕಂಬಳಿ ಹೊದಿಸಿ, ಮೈ ಕೆಳಗೂ ಒಂದು ಹಾಸಿ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಇದನ್ನು ಬೇಸಿಗೆಯಲ್ಲೂ ಮರೆಯಬಾರದು.

ಅಭ್ಯಾಸದ ಟೂರ್ನಿಕೆಟ್ ಬೇರೆಯೇ ಇರಲಿ, ಅದರ ಮೇಲೆ ಎದ್ದು ಕಾಣುವ ಗುರುತು ಹಾಕಿ. ಮತ್ತೆ ಮತ್ತೆ ಬಿಗಿದ ಪಟ್ಟಿ ಜಗ್ಗಿರುತ್ತದೆ, ಕಡ್ಡಿ ಸೋತಿರುತ್ತದೆ. ಅದು ತುರ್ತು ಚೀಲಕ್ಕೆ ಸೇರಬಾರದು.