ಹೊಸ್ತಿಲಿಲ್ಲದ ಬಾಗಿಲು

ಗೋವಾದಲ್ಲಿ ಒಂಬತ್ತು ದಿನ ಇದ್ದು ಬಂದೆ ಅಂದರೆ ಜನ ಮೊದಲು ಕೇಳುವುದು ಬೀಚಿನ ಬಗ್ಗೆ. ನಾನು ಸಮುದ್ರ ನೋಡಿದ್ದು ಒಂದೇ ಸಲ, ವಾಸ್ಕೋದ ಬೈನಾದಲ್ಲಿ, ಅದೂ ಮೊಳೆ ಮತ್ತು ಹಗ್ಗ ತರಲು ಹೋದಾಗ. ಉಳಿದಷ್ಟೂ ದಿನ ನಾನು ನೋಡಿಕೊಂಡಿದ್ದು ಒಂದು ಬಾಗಿಲನ್ನು.

ಹಾನಗಲ್ಲಿನ ನಮ್ಮ ಹವ್ಯಾಸಿ ತಂಡ, ಶಿರಸಿಯದೊಂದು ತಂಡ, ವಾಸ್ಕೋ ಕನ್ನಡಿಗರದೊಂದು ತಂಡ. ಮೂರಕ್ಕೂ ಒಂದೇ ಕಾಯಿಲೆ. ಮೂರು ತಿಂಗಳು ನಾಟಕ ಕಲಿಯುತ್ತೇವೆ, ಎರಡು ಪ್ರದರ್ಶನ ಮಾಡುತ್ತೇವೆ, ದುಡ್ಡು ಮುಗಿಯುತ್ತದೆ, ಸೆಟ್ಟು ಯಾರದೋ ಮನೆಯ ಅಟ್ಟ ಸೇರುತ್ತದೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ತಿರುಗಾಟ ತಂಡ 1985ರಿಂದ ಊರೂರು ಸುತ್ತುತ್ತಿದೆ ನಿಜ. ಆದರೆ ಅಲ್ಲಿನ ನಟರಿಗೆ ತಿಂಗಳುಗಟ್ಟಲೆ ಅದೇ ಕೆಲಸ. ನಾವು ರಜೆಯ ನಟರು. ಒಬ್ಬ ವಿಮೆ ಏಜೆಂಟ್, ಒಬ್ಬ ಟೇಲರ್, ಇಬ್ಬರು ಮೇಷ್ಟ್ರು. ವಾಸ್ಕೋದವರಲ್ಲಿ ಅರ್ಧ ಜನ ಬಂದರಿನ ಕೆಲಸದವರು.

ಅದಕ್ಕೇ ಈ ಬೇಸಿಗೆ ಮೂವರೂ ಸೇರಿ ಕೂಡುವಳಿ ಮಾಡಿದೆವು. ಮೂರು ತಂಡಕ್ಕೆ ಮೂರು ನಾಟಕ, ಲಾರಿ ಒಂದೇ, ದೀಪಗಳ ಪೆಟ್ಟಿಗೆ ಒಂದೇ, ಖರ್ಚು ಮೂರು ಪಾಲು. ಏಪ್ರಿಲ್‌ನಲ್ಲಿ ಶಿರಸಿ ಮತ್ತು ಹಾನಗಲ್, ಮೇ ತಿಂಗಳಲ್ಲಿ ಗೋವಾ. ಜೂನ್ ಬಂದರೆ ಶಿರಸಿಯಲ್ಲೂ ವಾಸ್ಕೋದಲ್ಲೂ ಬಯಲಲ್ಲಿ ನಾಟಕ ಆಡೋ ಮಾತೇ ಇಲ್ಲ. ಸೆಟ್ಟೂ ಒಂದೇ: ಒಂದು ಮಂಚ, ಮೂರು ಕುರ್ಚಿ, ಒಂದು ಬಾಗಿಲು.

ಬಾಗಿಲು ಮಾತ್ರ ಪ್ಲೈವುಡ್‌ನದಲ್ಲ. ಶಿರಸಿಯವರು ಕೆಡವಿದ ಯಾವುದೋ ಹಳೇ ಮನೆಯಿಂದ ಎತ್ತಿಕೊಂಡು ಬಂದ ನಿಜವಾದ ಬಾಗಿಲು, ಚೌಕಟ್ಟಿನ ಸಮೇತ. ನಾಲ್ಕು ಜನ ಹಿಡಿದರೂ ಭಾರ. ಅದಕ್ಕೆ ಹಸಿರು ಬಣ್ಣ ಬೇಕೆಂದು ಒಬ್ಬ ನಿರ್ದೇಶಕರು, ಮುಟ್ಟಲೇಬಾರದು ಎಂದು ಇನ್ನೊಬ್ಬರು. ಎರಡು ವಾರ ಫೋನಿನಲ್ಲೇ ಜಗಳ. ಕೊನೆಗೆ ಬಣ್ಣಕ್ಕೆ ದುಡ್ಡಿಲ್ಲದ ಕಾರಣ ಮುಟ್ಟಬಾರದು ಅಂದವರು ಗೆದ್ದರು.

ನಾನು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋದೆ. ಮೇ ತಿಂಗಳಲ್ಲಿ ದೂಧಸಾಗರ ಜಲಪಾತ ನೋಡೋ ಆಸೆ ಇಟ್ಟುಕೊಳ್ಳಬೇಡಿ, ಬಂಡೆಯ ಮೇಲೆ ನಾಲ್ಕು ಬಿಳಿ ಗೆರೆ ಅಷ್ಟೇ. ನನಗೆ ಹಿಡಿಸಿದ್ದು ಅದಕ್ಕೂ ಮೊದಲು ಸಿಗುವ ಕ್ಯಾಸಲ್ ರಾಕ್. 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಗಡಿಯ ಸ್ಟೇಶನ್ ಇದೇ. ಸಾಮಾನು ಬಿಚ್ಚಿಸಿ ಸುಂಕದವರು ನೋಡುತ್ತಿದ್ದುದು ಇಲ್ಲೇ. ಸದ್ಯ, ಆ ಕಾಲ ಹೋಯಿತು ಅಂದುಕೊಂಡೆ.

ಹೋಗಿರಲಿಲ್ಲ. ಅದೇ ಹೊತ್ತಿಗೆ ಅನಮೋಡ ಘಟ್ಟದ ದಾರಿಯಲ್ಲಿ ನಮ್ಮ ಲಾರಿಯನ್ನು ಒಂದು ಗೇಟಿನಲ್ಲಿ ತಡೆದಿದ್ದರು. ಕಾರಣ, ಬಾಗಿಲು. ಹಳೇದಾದರೇನು, ಕಟ್ಟಿಗೆ ಕಟ್ಟಿಗೆಯೇ, ಪಾಸ್ ಎಲ್ಲಿ ಅಂತ. ನಮ್ಮ ಹುಡುಗರು ಕರಪತ್ರ ತೋರಿಸಿದರು, ಮಂಚ ತೋರಿಸಿದರು, ಪೆಟ್ಟಿಗೆ ತೆರೆದು ಮುದುಕಿ ಪಾತ್ರದ ಬಿಳೀ ಕೂದಲಿನ ಟೋಪನ್ನೂ ತೋರಿಸಿದರು. ನಾಲ್ಕೂವರೆ ತಾಸು! ಈಗ ನೆನೆದರೂ ಮೈ ಉರಿಯುತ್ತದೆ. ಸೆಟ್ಟು ಸಾಗಿಸುವವರು ದಯವಿಟ್ಟು ಕೇಳಿ: ನಾಟಕದ ಸಾಮಾನಿನ ಪೂರ್ತಿ ಪಟ್ಟಿ ಬರೆದು, ತಂಡದ ಸೀಲು ಹಾಕಿ, ಫೋಟೋ ಅಂಟಿಸಿ ಡ್ರೈವರ್ ಕೈಯಲ್ಲಿ ಕೊಡಿ. ಕಟ್ಟಿಗೆಯ ಸಾಮಾನು ಇದ್ದರೆ ಹೊರಡೋ ಮೊದಲೇ ನಿಮ್ಮೂರ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಇಲ್ಲಾ, ಸುಮ್ನೆ ಪ್ಲೈವುಡ್ ಒಯ್ಯಿರಿ.

ಪ್ರದರ್ಶನ ಝುವಾರಿನಗರದ ಹತ್ತಿರ ಒಂದು ಶಾಲೆಯ ಬಯಲಿನಲ್ಲಿ. ಸುತ್ತಮುತ್ತ ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ದುಡಿಯಲು ಬಂದವರೇ ಜಾಸ್ತಿ. ಭಾನುವಾರ ಶಿರಸಿಯವರ ನಾಟಕ: ತೋಟದ ಮನೆಯಲ್ಲಿ ಒಬ್ಬಳೇ ಮುದುಕಿ, ಬಾರದ ಮಗನಿಗಾಗಿ ಕಾಯುತ್ತಾಳೆ. ಬುಧವಾರ ವಾಸ್ಕೋದವರದು, ಬಾಡಿಗೆ ಮನೆಯ ತಮಾಷೆ. ಶನಿವಾರ ನಮ್ಮದು, ಅಣ್ಣತಮ್ಮಂದಿರ ಪಾಲಿನ ಜಗಳ. ಕೊನೆಯ ಭಾನುವಾರ ಮತ್ತೆ ಮುದುಕಿಯದು. ಸೆಕೆಗೆ ನಟರ ಬಣ್ಣ ಎರಡನೇ ದೃಶ್ಯಕ್ಕೇ ಕತ್ತಿಗಿಳಿದಿರುತ್ತಿತ್ತು.

ಮಂಗಳವಾರ ಮಡಗಾಂವಿಗೆ ಹೋಗಿ ತಿಯಾತ್ರ, ಅಂದರೆ ಹಾಡು ಬೆರೆತ ಕೊಂಕಣಿ ನಾಟಕ, ನೋಡಿದೆ. ಕೊಂಕಣಿ ನನಗೆ ನಾಲ್ಕಾಣೆ ತಿಳಿಯುತ್ತದೆ, ಆದರೂ ಎದ್ದು ಬರಲು ಮನಸ್ಸಾಗಲಿಲ್ಲ. ಒಂದು ಅಂಕ ಮುಗಿದ ಕೂಡಲೇ ಪರದೆ ಬೀಳುತ್ತದೆ, ಅದರ ಮುಂದೆ ಒಬ್ಬ ಬಂದು ಹಾಡುತ್ತಾನೆ, ಕೆಳಗೆ ಕಹಳೆ, ಡ್ರಮ್ಮು. ಅಷ್ಟರಲ್ಲಿ ಹಿಂದೆ ಸೆಟ್ಟು ಬದಲಾಗಿರುತ್ತದೆ! ನಮ್ಮ ಕಂಪನಿ ನಾಟಕದಲ್ಲೂ ರಸ್ತೆಯ ಚಿತ್ರವಿದ್ದ ಪರದೆ ಬಿಟ್ಟು ಹಾಸ್ಯ ನಡೆಸುತ್ತಿದ್ದರಲ್ವಾ? ನಾವೇ ಈಗ ಕತ್ತಲೆ ಮಾಡಿ ಜನರನ್ನು ಕೂರಿಸಿ, ಒಳಗೆ ಕುರ್ಚಿ ಎಡವುತ್ತೇವೆ. ಕೊಂಕಣಿಯ ಮೊದಲ ತಿಯಾತ್ರ ಆಡಿದ್ದು ಗೋವಾದಲ್ಲಲ್ಲ, ಮುಂಬೈಯಲ್ಲಿ, 1892ರ ಏಪ್ರಿಲ್ 17ರಂದು. ಹೊಟ್ಟೆಪಾಡಿಗೆ ಊರು ಬಿಟ್ಟ ಗೋವೆಯವರು ಅಲ್ಲಿ ಕಟ್ಟಿದ ಆಟ ಅದು. ಇನ್ನು ಗೋವಾದ ಮಾನ್ಕುರಾದ್ ಮಾವಿನ ಹಣ್ಣಿನ ಬಗ್ಗೆ, ಮಾವು ಬೆಳೆಯುವ ಹಾನಗಲ್ಲಿನವನಾಗಿ ನಾನು ಏನೂ ಹೇಳುವುದಿಲ್ಲ. ತಿಂದೆ, ಅಷ್ಟೇ.

ಈಗ ಶನಿವಾರದ ಮಾತು. ನಾಟಕ ಮುಗಿದು ನಾನು ಚೌಕಟ್ಟಿನ ಹಗ್ಗ ಬಿಚ್ಚುತ್ತಿದ್ದೆ. ಐವತ್ತರ ಆಚೀಚಿನ ಒಬ್ಬಾಕೆ ವೇದಿಕೆಯ ಹತ್ತಿರ ಬಂದು ನಿಂತರು. ಕುಷ್ಟಗಿ ಕಡೆಯವರು. ಗೌಂಡಿ ಕೆಲಸಕ್ಕೆ ಬಂದು ಇಪ್ಪತ್ತು ವರ್ಷವಾಯಿತಂತೆ.

"ಸರ, ಒಂದ್ ಕೇಳ್ತೀನಿ. ಆ ಮುದುಕಿ ಸತ್ಲೇನ್ರಿ?"

"ಯಾವ ಮುದುಕಿ, ಯಕ್ಕಾ?"

"ಅದಾ, ಆ ಐತ್ವಾರದ ಮುದುಕಿ. ಒಬ್ಬಾಕೀನ ಇದ್ಲು, ಮಗ ಬರ್ಲಿಲ್ಲ. ಬುಧವಾರ ನೋಡಿದ್ರ ಮನಿ ಬಾಡಿಗಿ ಕೊಟ್ಟಿದ್ರು. ಇವತ್ತ ಅಣ್ಣತಮ್ಮರು ಪಾಲು ಮಾಡಾಕ ಬಂದಾರ. ಹಂಗಾರ ಮುದುಕಿ ಏನಾದ್ಲು?"

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಇವು ಮೂರು ಬೇರೆ ಬೇರೆ ನಾಟಕ, ಬೇರೆ ಬೇರೆ ಊರಿನವರದು, ದುಡ್ಡು ಉಳಿಸಲು ಸೆಟ್ಟು ಒಂದೇ ಇಟ್ಟಿದ್ದೇವೆ ಅಂತ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬಾಗಲಾ ಅದಾ ಐತೆಲ್ರಿ?"

"ಬಾಗಿಲೇನೋ ಅದೇ."

"ಮತ್ತ, ಬಾಗಲಾ ಅದಾ ಅಂದ್ರ ಮನಿ ಅದಾ ಅಲ್ರಿ?"

ನಾನು ಹಗ್ಗ ಕೆಳಗಿಟ್ಟೆ. ಮುದುಕಿ ಸಾಯುವುದಿಲ್ಲ, ಕಾಯುತ್ತಲೇ ಇರುತ್ತಾಳೆ ಅಂದೆ.

"ಅಕಿ ಇರೂಮಟಾ ಪಾಲು ಹೆಂಗ ಮಾಡಿದ್ರಿ ಮತ್ತ?" ಅವರಿಗೆ ಸಿಟ್ಟೇ ಬಂದಿತ್ತು. ನಮ್ಮ ನಾಟಕದ ಅಣ್ಣತಮ್ಮಂದಿರ ಪರವಾಗಿ ನಾನು ತಲೆ ತಗ್ಗಿಸಿ ನಿಂತೆ. ಬೇರೇನು ಮಾಡಲಿ?

ಆಮೇಲೆ ಅವರು ಚೌಕಟ್ಟಿನ ಮೇಲೆ ಕೈಯಾಡಿಸಿದರು, ಸಂದು ಒತ್ತಿ ನೋಡಿದರು. ಕೆಲಸ ಚಲೋ ಐತಿ ಅಂದರು. "ಆದ್ರ ಹೊಸ್ತಲಾ ಯಾಕ ಇಲ್ರಿ? ಹೊಸ್ತಲಾ ಇಲ್ಲದ್ದು ಎಂಥಾ ಮನಿ?"

ಕೆಳಗಿನ ಪಟ್ಟಿಯನ್ನು ನಾನೇ ತೆಗೆಸಿದ್ದೆ. ಕತ್ತಲೆಯಲ್ಲಿ ನಟರ ಕಾಲಿಗೆ ತಾಗುತ್ತದೆ ಅಂತ. ಅದನ್ನು ಹೇಳಿದರೆ ಅವರು ನಕ್ಕರು. "ಮನ್ಯಾಗಿನ ಮಂದಿ ಎಡವತಾರೇನ್ರಿ? ಹೊರಗಿನವ್ರು ಎಡವತಾರ."

ಭಾನುವಾರ ಸಂಜೆ ಐದಕ್ಕೆ ಅವರು ಹಾಜರ್. ಕಂಕುಳಲ್ಲಿ ಒಂದು ಸೆಂಟ್ರಿಂಗ್ ಹಲಗೆ. ಸಿಮೆಂಟು ಉಜ್ಜಿ ತೊಳೆದು ಅರಿಶಿನ ಹಚ್ಚಿದ್ದರು. ನಿರ್ದೇಶಕರು ಒಲ್ಲೆ ಅಂದರು. ನಾನು ಕೇಳದೆ ಮೊಳೆ ಹೊಡೆದೆ.

ಪೋಸ್ಟ್‌ಮ್ಯಾನ್ ಪಾತ್ರದವನು ಒಳಗೆ ಬರುವಾಗ ಸರಿಯಾಗಿ ಎಡವಿದ. ಮೂರನೇ ಸಾಲಿನಿಂದ ನಗು ಕೇಳಿಸಿತು, ಯಾರದೆಂದು ಗೊತ್ತೇ ಇತ್ತು. ಮುದುಕಿಯ ಪಾತ್ರ ಮಾಡುವ ಶಿರಸಿಯ ಮೇಡಂ ಮಾತ್ರ ಇಡೀ ನಾಟಕದಲ್ಲಿ ಒಂದು ಸಲವೂ ಎಡವಲಿಲ್ಲ. ಕೊನೆಯ ದೃಶ್ಯದಲ್ಲಿ ಅವರು ಯಾವಾಗಲೂ ಬಾಗಿಲಿಗೆ ಒರಗಿ ನಿಂತು ಕಾಯುತ್ತಿದ್ದರು. ಅವತ್ತು ಏನನ್ನಿಸಿತೋ, ಮೆಲ್ಲಗೆ ಹೊಸ್ತಿಲ ಮೇಲೆ ಕೂತುಬಿಟ್ಟರು. ಬಯಲೆಲ್ಲ ಸದ್ದಿಲ್ಲದೆ ನೋಡುತ್ತಿತ್ತು.

"ಯವ್ವಾ, ದೀಪ ಹಚ್ಚೂ ಹೊತ್ತಿನ್ಯಾಗ ಹೊಸ್ತಲಾ ಮ್ಯಾಲೆ ಕುಂದರಬ್ಯಾಡ!"

ಮೇಡಂ ಬೆಚ್ಚಿ ಎದ್ದರು. ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ, ನಮಗೆ ಬೆನ್ನು ಕಾಣುವ ಹಾಗೆ ಮಂಚದ ಮೇಲೆ ಕೂತರು. ದೀಪ ಇಳಿಸಬೇಕಾದ ಹುಡುಗ ನನ್ನ ಮುಖ ನೋಡಿದ. ಇನ್ನೂ ಸ್ವಲ್ಪ ಹೊತ್ತು ಇರಲಿ ಅಂತ ಕೈಸನ್ನೆ ಮಾಡಿದೆ.